ಮೊದಲ ಕೀಮೋ ಮುಗಿಸಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನೆ ಫೋನಿನಲ್ಲಿ ‘ನಾನು ಆರಾಮಾಗಿದ್ದೀನಿ ಮಾರಾಯ, ನಿಮ್ಮ ಕಡೆ ಮಳೆ ಹೇಗೆ’ ಅಂತ ಮಾತು ಮರೆಸಿದೆ. ಆಮೇಲೆ ನಿನ್ನ ತಂಗಿ ಒಳಗೆ ಹೋಗಿ ಮೆಲ್ಲಗೆ ಹೇಳಿದ್ದೇ ಬೇರೆ. ರಾತ್ರಿ ನಿದ್ದೆ ಇಲ್ಲ, ಹೊಟ್ಟೆ ಕಟ್ಟಿಕೊಂಡಿದೆ, ಏನಾಗುತ್ತಿದೆ ಅಂತ ಕೇಳಿದರೆ ಮಗ್ಗುಲು ಬದಲಾಯಿಸಿ ಮಲಗುತ್ತೀಯಂತೆ. ಪತ್ರದಲ್ಲಾದರೆ ನೀನು ಮಾತು ಮರೆಸೋಕೆ ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನಗೂ ಇದೇ ಬಿ-ಸೆಲ್ ಲಿಂಫೋಮಾ, ಅಂದರೆ ಬಿಳಿ ರಕ್ತಕಣದ ಕ್ಯಾನ್ಸರ್ ಬಂದಿತ್ತು, ಇದೇ ಆರ್-ಚಾಪ್, ಅಂದರೆ ಐದು ಔಷಧಿ ಸೇರಿದ ಕೀಮೋ ಕೊಟ್ಟಿದ್ದರು. ಹಾಗಂತ ನಿನ್ನ ಕಷ್ಟ ಪೂರ್ತಿ ಗೊತ್ತು ಅನ್ನಲಾರೆ. ಒಬ್ಬೊಬ್ಬರ ಮೈ ಒಂದೊಂದು ಥರ. ಆದರೆ ಮೈಗೆ ಆಗುತ್ತಿರುವುದನ್ನು ಮುಚ್ಚಿಟ್ಟರೆ ಡಾಕ್ಟರಿಗೆ ಏನೂ ಮಾಡೋಕೆ ಆಗುವುದಿಲ್ಲ. ಇದಂತೂ ನನಗೆ ಚೆನ್ನಾಗಿ ಗೊತ್ತು.

ನಿನಗೆ ಈಗ ಆಗುತ್ತಿರುವುದಕ್ಕೆಲ್ಲ ಕಾರಣ ಇದೆ. ನಿದ್ದೆ ಕೆಡಿಸಿರುವುದು ಬಹುಶಃ 5 ದಿನ ನುಂಗುವ ಪ್ರೆಡ್ನಿಸೊಲೋನ್ ಮಾತ್ರೆ. ಅದನ್ನು ಬೆಳಿಗ್ಗೆ ತಿಂಡಿ ಆದ ಮೇಲೆ ತಗೋ, ಸಂಜೆಗೆ ಉಳಿಸಬೇಡ. ಶುಗರ್ ಏರಿಸುವುದೂ ಅದೇ, ನಿನಗೆ ಮೊದಲೇ ಶುಗರ್ ಇರುವುದರಿಂದ ಮನೆಯಲ್ಲೇ ನೋಡಿಕೊಳ್ಳುತ್ತಿರು. ಆ ಮಾತ್ರೆ ನಿಂತ ಮೇಲೆ ಒಂದೆರಡು ದಿನ ಕೈಕಾಲು ಸೋತುಹೋಗಿ, ಸುಮ್ನೆ ಅಳು ಬರಬಹುದು. ಹೆದರಬೇಡ, ಮಾತ್ರೆ ಬಿಟ್ಟಿದ್ದಕ್ಕೆ ಹಾಗಾಗುತ್ತದೆ. ಹೊಟ್ಟೆ ಕಟ್ಟಿಸುವುದು ಆ ಐದರಲ್ಲೊಂದಾದ ವಿನ್‌ಕ್ರಿಸ್ಟಿನ್, ಜೊತೆಗೆ ವಾಂತಿಗೆ ಕೊಡುವ ಮಾತ್ರೆಯೂ ಸೇರಿಕೊಳ್ಳುತ್ತದೆ. ನಾಚಿಕೆ ಬಿಟ್ಟು ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಹೇಳು, ಔಷಧಿ ಕೊಡುತ್ತಾರೆ. ಮುಂದೆ ಬೆರಳ ತುದಿ ಜೋಮು ಹಿಡಿದರೆ, ಅಂಗಿ ಗುಂಡಿ ಹಾಕೋಕೆ ಕಷ್ಟವಾದರೆ ಅದನ್ನೂ ಹೇಳಲೇಬೇಕು. ಅದು ನರಕ್ಕೆ ತಗಲುವ ತೊಂದರೆ. ಅದನ್ನು ನೋಡಿಕೊಂಡು ಡಾಕ್ಟರ್ ಡೋಸ್ ಕಡಿಮೆ ಮಾಡುತ್ತಾರೆ. ನೀನು ಬಾಯಿ ಬಿಡದಿದ್ದರೆ ಅವರಿಗೆ ಯಾವ ಸ್ಕ್ಯಾನಿನಲ್ಲೂ ಅದು ಕಾಣುವುದಿಲ್ಲ.

ಕೆಂಪು ಔಷಧಿ ಹಾಕಿದ ಮೇಲೆ ಮೂತ್ರ ಕೆಂಪಗೆ ಹೋಗಿದ್ದು ನೋಡಿ ಗಾಬರಿಯಾದೆಯಂತೆ. ಅದು ಡಾಕ್ಸೊರುಬಿಸಿನ್ ಬಣ್ಣ, ಒಂದೆರಡು ದಿನದಲ್ಲಿ ಸರಿಹೋಗುತ್ತದೆ. ಕೂದಲು ಎರಡನೇ, ಮೂರನೇ ವಾರದಲ್ಲಿ ಉದುರೋಕೆ ಶುರುವಾಗಬಹುದು. ಮುಂಚೆಯೇ ಸಣ್ಣಗೆ ಕತ್ತರಿಸಿಕೋ. ದಿಂಬಿನ ಮೇಲೆ ಮುದ್ದೆ ಮುದ್ದೆಯಾಗಿ ಬೀಳುವುದನ್ನು ನೋಡುವುದು ತಪ್ಪುತ್ತದೆ.

ಈಗ ಹೇಳುವುದನ್ನು ದಯವಿಟ್ಟು ತಂಗಿಗೂ ಓದಿ ಹೇಳು. ಕೀಮೋ ಆದ 7ನೇ ದಿನದಿಂದ 14ನೇ ದಿನದ ಆಸುಪಾಸಿನಲ್ಲಿ ಬಿಳಿ ರಕ್ತಕಣ ತೀರಾ ಇಳಿಯುತ್ತವೆ. ಆಸ್ಪತ್ರೆಯಲ್ಲಿ ‘ಕೌಂಟ್ ಬಿದ್ದಿದೆ’ ಅನ್ನುವುದು ಇದಕ್ಕೇ. ಆಗ ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಹಗಲೋ ರಾತ್ರಿಯೋ ನೋಡದೆ ಆಸ್ಪತ್ರೆಗೆ ಹೊರಡಬೇಕು. ಡೋಲೋ ನುಂಗಿ ಬೆವರು ಬರಿಸಿಕೊಂಡು ಮಲಗಬೇಡ. ಜ್ವರ ಮೇಲಕ್ಕೆ ಕಾಣದೆ ಹೋಗುತ್ತದೆ, ಸೋಂಕು ಒಳಗೆ ಬೆಳೆಯುತ್ತಿರುತ್ತದೆ. ಇಂಥ ಸೋಂಕು ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಎರವಾಗಬಹುದು. ಒಂದು ಥರ್ಮಾಮೀಟರ್ ತಲೆದಿಂಬಿನ ಹತ್ತಿರವೇ ಇರಲಿ. ತಿಪಟೂರಿಂದ ಬೆಂಗಳೂರಿನ ನಿನ್ನ ಆಸ್ಪತ್ರೆಗೆ ಬರೋಕೆ ತಡವಾಗುತ್ತದೆ ಅನ್ನಿಸಿದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಬಾಗಿಲಲ್ಲೇ ‘ಕೀಮೋ ನಡೀತಿದೆ’ ಅಂತ ಹೇಳಬೇಕು. ಯಾವ ಆಸ್ಪತ್ರೆ, ಯಾರ ಗಾಡಿ ಅಂತ ಈಗಲೇ ಗೊತ್ತು ಮಾಡಿಟ್ಟುಕೊಳ್ಳಿ.

ಊಟದ ವಿಚಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಸ್ವಲ್ಪ ಸ್ವಲ್ಪವಾಗಿ ಆಗಾಗ ತಿನ್ನು. ಒಗ್ಗರಣೆ ವಾಸನೆಗೆ ಹೊಟ್ಟೆ ತೊಳಸಿದರೆ ಬಿಸಿ ಆರಿದ ಮೇಲೆ ಉಣ್ಣು. ಇಡ್ಲಿ, ಗಂಜಿ, ಬೇಯಿಸಿದ ಮೊಟ್ಟೆ, ಯಾವುದು ಇಳಿಯುತ್ತದೋ ಅದು. ಹಸಿ ಕೋಸಂಬರಿ, ಹೊರಗಿನ ಹೆಚ್ಚಿಟ್ಟ ಹಣ್ಣು ಸದ್ಯಕ್ಕೆ ಬೇಡ. ಊಟ ಆದ ಮೇಲೆ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸು.

ನೆಂಟರು ಬಂದು ತೊಗಟೆ ಕಷಾಯ, ಸೊಪ್ಪಿನ ರಸ ಅಂತ ಕೊಡುತ್ತಾರೆ. ಅವರ ಪ್ರೀತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಕೀಮೋ ನಡೆಯುವಾಗ ಡಾಕ್ಟರನ್ನು ಕೇಳದೆ ಒಂದು ಲೋಟವೂ ಬೇಡ. ಲಿವರ್ ಮೇಲೆ ಈಗಾಗಲೇ ಸಾಕಷ್ಟು ಭಾರ ಇದೆ.

ನೀನು ತೀರಾ ಕುಗ್ಗಿದಾಗ ಇದನ್ನು ನೆನಪಿಸಿಕೋ. ಗುಣವಾಗಲಿ ಅನ್ನುವ ಗುರಿ ಇಟ್ಟುಕೊಂಡೇ ಆರ್-ಚಾಪ್ ಕೊಡುತ್ತಾರೆ. ಅದರಲ್ಲಿರುವ ರಿಟುಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1997ರಲ್ಲಿ. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ನಮ್ಮಲ್ಲೇ ಅದನ್ನು ತಯಾರಿಸಿ ಕಡಿಮೆ ಬೆಲೆಗೆ ತಂದಿತು. ಅದಕ್ಕೂ ಮುಂಚೆ ನಮ್ಮಂಥವರ ಕೈಗೆ ಎಟುಕುವ ಔಷಧಿಯೇ ಆಗಿರಲಿಲ್ಲ ಅದು. ಈ ಕಾಲದಲ್ಲಿ ನಿನಗೆ ಚಿಕಿತ್ಸೆ ಸಿಗುತ್ತಿದೆಯಲ್ಲ, ನನಗೆ ಅದೇ ಸಮಾಧಾನ.

ದುಡ್ಡಿನ ಚಿಂತೆಯನ್ನೂ ಒಳಗೇ ಇಟ್ಟುಕೊಳ್ಳಬೇಡ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆಧಾರ್, ರೇಷನ್ ಕಾರ್ಡ್ ಫೈಲಿನಲ್ಲೇ ಇಟ್ಟುಕೋ. ಆಸ್ಪತ್ರೆಯಿಂದ ಸರ್ಟಿಫಿಕೇಟ್ ಬರೆಸಿಕೊಂಡರೆ ತಿಪಟೂರಿಂದ ಬರುವ ರೈಲಿನಲ್ಲಿ ಎರಡನೇ ದರ್ಜೆಗೆ 75% ರಿಯಾಯಿತಿ, ಜೊತೆಗೆ ಬರುವವರೊಬ್ಬರಿಗೂ ಸಿಗುತ್ತದೆ.

ಇನ್ನು ಅಮ್ಮ. ಅವರಿಗೆ ‘ಗಂಟಲಲ್ಲಿ ಗಂಟು, ಸಣ್ಣ ಆಪರೇಷನ್’ ಅಂತ ಹೇಳಿದ್ದೀಯಂತೆ. ಅವರ ವಯಸ್ಸು ನೋಡಿ ಹಾಗೆ ಮಾಡಿದ್ದೀಯ, ಅರ್ಥವಾಗುತ್ತದೆ. ಆದರೆ ತಲೆ ಬೋಳಾದ ಮಗನನ್ನು ನೋಡಿದ ದಿನ ಅವರು ಊಹಿಸಿಕೊಳ್ಳುವುದು ನಿಜಕ್ಕಿಂತ ಕೆಟ್ಟದ್ದಾಗಿರುತ್ತದೆ, ಅಲ್ವಾ? ಬೀದಿಯವರ ಬಾಯಿಂದ ಕೇಳುವ ಮೊದಲು ನೀನೇ ಹೇಳು. ಕ್ಯಾನ್ಸರ್ ಅಂತಲೇ ಹೇಳು, ಔಷಧಿ ಇದೆ ಅಂತಲೂ ಹೇಳು. ನಿನ್ನಪ್ಪ ಹೋದ ಮೇಲೆ ತೋಟ, ಸಾಲ, ನಿಮ್ಮಿಬ್ಬರ ಓದು ಎಲ್ಲವನ್ನೂ ನಿಭಾಯಿಸಿದ ಹೆಂಗಸು ಅವರು. ಮಗ ಏನು ನುಂಗುತ್ತಿದ್ದಾನೆ ಅಂತ ತಿಳಿದುಕೊಳ್ಳುವ ಹಕ್ಕು ಅವರಿಗಿದೆ. ನಿನಗೂ ರಾತ್ರಿ ಒಂದು ಸುಳ್ಳು ಕಾಯುವ ಕೆಲಸ ಕಡಿಮೆಯಾಗುತ್ತದೆ. ಒಬ್ಬನೇ ಹೇಳೋಕೆ ಆಗದಿದ್ದರೆ ಭಾನುವಾರ ನಾನು ಬರುತ್ತೇನೆ, ಜೊತೆಯಲ್ಲಿ ಕೂತಿರುತ್ತೇನೆ.

ಎರಡನೇ ಸುತ್ತಿನ ಕೀಮೋಗೆ ತಂಗಿ ಮನೆಯಲ್ಲಿ ಮಕ್ಕಳ ಜೊತೆ ಇರಲಿ, ಅವಳೂ ಸ್ವಲ್ಪ ಮಲಗಲಿ. ಆಸ್ಪತ್ರೆಯ ಡೇ ಕೇರಿನಲ್ಲಿ ನಿನ್ನ ಪಕ್ಕ ನಾನಿರುತ್ತೇನೆ. ಆಫೀಸಿನಲ್ಲಿ ರಜೆ ಕೇಳಿ ಆಗಿದೆ. ಅದಕ್ಕೆ ಮುಂಚೆ ಮಾಡಿಸುವ ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ಕಳಿಸು. ಹೊಟ್ಟೆ ವಿಚಾರಕ್ಕೆ ಆಸ್ಪತ್ರೆಗೆ ಫೋನ್ ಮಾಡಿದೆಯೋ ಇಲ್ಲವೋ, ಸಂಜೆ ನಾನು ಕೇಳುತ್ತೇನೆ.

ನಿನ್ನ,
ಗೆಳೆಯ