ನೇರ ಚಿತ್ರ ಕಂಡರೆ ರೆಕಾರ್ಡಿಂಗ್ ಆದಂತಲ್ಲ

ಸಂಪಾದಕರಿಗೆ,

ಮಾನ್ಯರೇ,

ಧಾರವಾಡದ ಹಳೆಯ ಬಡಾವಣೆಗಳಲ್ಲಿಯೂ ಈಗ ಗೇಟಿಗೊಂದು, ಹಿತ್ತಲಿಗೊಂದು ಸಿಸಿಟಿವಿ ಕ್ಯಾಮೆರಾ ಹಾಕಿಸುವುದು ರೂಢಿಯಾಗಿದೆ. ನಾವೂ ಕಳೆದ ದಸರೆಯ ಹೊತ್ತಿಗೆ ನಾಲ್ಕು ಕ್ಯಾಮೆರಾಗಳನ್ನು, ಅವುಗಳ ದೃಶ್ಯವನ್ನು ದಾಖಲಿಸುವ ಒಂದು ಡಿವಿಆರ್ ಪೆಟ್ಟಿಗೆಯನ್ನು, ಅದರೊಳಗೆ 1 ಟಿಬಿಯ ಹಾರ್ಡ್ ಡಿಸ್ಕನ್ನು ಹಾಕಿಸಿದೆವು. 30 ದಿನಗಳ ರೆಕಾರ್ಡಿಂಗ್ ಉಳಿಯುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಈ ಆಷಾಢದ ಒಂದು ರಾತ್ರಿ ಹಿತ್ತಲಿನಲ್ಲಿ ಮಗುಚಿಟ್ಟಿದ್ದ ತಾಮ್ರದ ಹಂಡೆ ಕಾಣೆಯಾಯಿತು. ಬೆಳಿಗ್ಗೆ ಹಿಂದಿನ ರಾತ್ರಿಯ ದೃಶ್ಯ ತೆಗೆದು ನೋಡಿದರೆ, ಹಿತ್ತಲಿನ ಎರಡೂ ಕ್ಯಾಮೆರಾಗಳಲ್ಲಿ ರಾತ್ರಿ 1.30ರಿಂದ 4 ಗಂಟೆಯವರೆಗೆ ಏನೂ ಇರಲಿಲ್ಲ. ದೂರು ಕೊಡಲು ಹೋದಾಗ ಠಾಣೆಯಲ್ಲಿ ಮೊದಲು ಕೇಳಿದ್ದು ಅದೇ ಎರಡೂವರೆ ತಾಸಿನ ದೃಶ್ಯವನ್ನು.

ಅಂಗಡಿಯಿಂದ ಬಂದ ಹುಡುಗ ಮೊಬೈಲ್ ತೆರೆದು, “ಚಿತ್ರ ಬರಾಕತ್ತೈತಲ್ರಿ ಸರ್, ಅಂದಮ್ಯಾಲೆ ರೆಕಾರ್ಡಿಂಗೂ ಆಗಾಕತ್ತೈತಿ” ಎಂದ. ಇದು ಎಷ್ಟೋ ಮನೆಗಳಲ್ಲಿರುವ ತಪ್ಪು ತಿಳಿವಳಿಕೆಯಾದ್ದರಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಮೊಬೈಲಿನಲ್ಲಿ ಕಾಣುವ ನೇರ ಚಿತ್ರಕ್ಕೂ ಡಿಸ್ಕಿನ ಮೇಲೆ ಬರೆಯಲ್ಪಡುವ ದೃಶ್ಯಕ್ಕೂ ಸಂಬಂಧವಿಲ್ಲ; ಡಿಸ್ಕನ್ನು ಕಳಚಿ ಮೇಜಿನ ಮೇಲೆ ಇಟ್ಟರೂ ನೇರ ಚಿತ್ರ ಬರುತ್ತಲೇ ಇರುತ್ತದೆ. ಇದನ್ನು ತೋರಿಸಿದ ಮೇಲೆ ಅಂಗಡಿಯವರು ಹೊಸ ಡಿಸ್ಕ್ ಕೊಳ್ಳುವಂತೆ ಹೇಳಿದರು. ಕಂಪ್ಯೂಟರಿಗಾಗಿ ತಯಾರಾದ ಸಾಮಾನ್ಯ ಡಿಸ್ಕುಗಳು ಹಗಲೂ ರಾತ್ರಿಯೂ ಬರೆಯುವ ಈ ಕೆಲಸಕ್ಕೆ ಬಹಳ ಕಾಲ ತಾಳದಿರಬಹುದು, ನಿಜ. ಆದರೆ ಡಿಸ್ಕ್ ಕೆಟ್ಟಿದ್ದರೆ ನಾಲ್ಕೂ ಕ್ಯಾಮೆರಾಗಳ ದೃಶ್ಯ ಒಟ್ಟಿಗೇ ತಪ್ಪಬೇಕಿತ್ತಲ್ಲವೇ? ಮುಂದಿನ ಎರಡು ಕ್ಯಾಮೆರಾಗಳಲ್ಲಿ ಅದೇ ಹೊತ್ತಿನ ತುಣುಕುಗಳು ಇದ್ದವು.

ತುಣುಕುಗಳು ಎಂದೆ, ಗೋಳಿನ ಮೊದಲ ಎಳೆ ಅಲ್ಲಿಯೇ ಸಿಕ್ಕಿತು. ಡಿವಿಆರ್‌ನ ವೇಳಾಪಟ್ಟಿಯಲ್ಲಿ ನಾಲ್ಕೂ ಕ್ಯಾಮೆರಾಗಳನ್ನು ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವಂತೆ ಇಡಲಾಗಿತ್ತು. ನಾವು ಕೇಳಿದ್ದು ಎಡೆಬಿಡದ ರೆಕಾರ್ಡಿಂಗ್. ಹೀಗೇಕೆ ಮಾಡಿದರು ಎಂಬುದು ಲೆಕ್ಕ ಹಾಕಿದ ಮೇಲೆ ತಿಳಿಯಿತು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆಯುತ್ತ ಹೋದರೆ ದಿನಕ್ಕೆ 21.6 ಜಿಬಿ ಬೇಕಾಗುತ್ತದೆ. ನಾಲ್ಕಕ್ಕೆ ಸೇರಿ 86 ಜಿಬಿ ದಾಟುತ್ತದೆ. ಅಂದರೆ 1 ಟಿಬಿಯ ಡಿಸ್ಕ್ 11 ದಿನಕ್ಕೆ ತುಂಬಿ, ಹಳೆಯ ದೃಶ್ಯದ ಮೇಲೆಯೇ ಹೊಸದು ಬರೆಯಲಾರಂಭಿಸುತ್ತದೆ. ಕೊಟ್ಟ ಮಾತಿನ 30 ದಿನವನ್ನು ತುಂಬಿಸಲು ಇದ್ದ ಸುಲಭದ ದಾರಿ ರೆಕಾರ್ಡಿಂಗನ್ನೇ ಕತ್ತರಿಸುವುದಾಗಿತ್ತು. ಜನ ಸೇರುವ ಸಂಸ್ಥೆಗಳು 30 ದಿನಗಳ ದೃಶ್ಯವನ್ನು ಉಳಿಸಿಕೊಳ್ಳಬೇಕೆಂದು ಸಾರ್ವಜನಿಕ ಸುರಕ್ಷತೆಯ ಬಗ್ಗೆ 2017ರಲ್ಲಿ ಆದ ನಮ್ಮ ರಾಜ್ಯದ ಕಾನೂನು ಹೇಳುತ್ತದೆ. ಮನೆಗಳಿಗೆ ಆ ಕಟ್ಟಳೆ ಇಲ್ಲ. ನನಗೆ 11 ದಿನಗಳು ಸಾಕಾಗಿದ್ದವು, ಆದರೆ ಅವು ಪೂರ್ತಿ ದಿನಗಳಾಗಿರಬೇಕಿತ್ತು. ಡಿವಿಆರ್‌ನಲ್ಲಿ ಸೌಲಭ್ಯವಿದ್ದರೆ ದೃಶ್ಯವನ್ನು ಕುಗ್ಗಿಸಿಡುವ ಎಚ್.264 ಪದ್ಧತಿಯ ಬದಲು ಎಚ್.265 ಪದ್ಧತಿಗೆ ಹೊರಳಿಸಿದಾಗ ಅದೇ ಚಿತ್ರಕ್ಕೆ ಸುಮಾರು ಅರ್ಧ ಜಾಗ ಸಾಕಾಗುತ್ತದೆ ಎಂಬುದನ್ನು ಕೂಡ ನಮಗೆ ಯಾರೂ ಹೇಳಿರಲಿಲ್ಲ.

ಕಳ್ಳ ಬಂದಾಗ ಚಲನೆ ಇದ್ದೇ ಇರುತ್ತದಲ್ಲ, ಹಾಗಾದರೆ ಆ ತುಣುಕಾದರೂ ಏಕಿಲ್ಲ ಎಂದು ನನ್ನ ಹೆಂಡತಿ ಕೇಳಿದಳು. ಸರಿಯಾದ ಪ್ರಶ್ನೆ. ವೇಳಾಪಟ್ಟಿಯನ್ನು ತಿದ್ದಿದ ಮೇಲೆ ಮುಂದಿನ ಕ್ಯಾಮೆರಾಗಳ ರೆಕಾರ್ಡಿಂಗ್ ಅಖಂಡವಾಯಿತು. ಹಿತ್ತಲಿನವು ಮಾತ್ರ ಹಗಲಿಡೀ ಸರಿಯಿದ್ದು ಕತ್ತಲಾದ ಮೇಲೆ ಮತ್ತೆ ತುಂಡುತುಂಡಾದವು. ಕತ್ತಲಲ್ಲಿ ಕ್ಯಾಮೆರಾದ ಸುತ್ತಲಿನ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುವುದರಿಂದ ಅದು ಹಗಲಿಗಿಂತ ಹೆಚ್ಚು ವಿದ್ಯುತ್ ಎಳೆಯುತ್ತದೆ. ನಮ್ಮಲ್ಲಿ 12 ವೋಲ್ಟಿನ ಒಂದೇ ಅಡಾಪ್ಟರಿಗೆ ನಾಲ್ಕೂ ಕ್ಯಾಮೆರಾಗಳನ್ನು ಕಟ್ಟಿ, ಹಿತ್ತಲಿನವರೆಗೆ ತೆಳುವಾದ ತಂತಿಯನ್ನು ಮಾಳಿಗೆ ಸುತ್ತಿಸಿ ಎಳೆದಿದ್ದರು. ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು ರಾತ್ರಿ ಏಣಿ ಹತ್ತಿ ಮೀಟರ್ ಹಿಡಿದಾಗ ಅಡಾಪ್ಟರಿನ ಬಳಿ 12 ಇದ್ದ ವೋಲ್ಟೇಜು ಕ್ಯಾಮೆರಾದ ಬಳಿ 10ಕ್ಕಿಂತ ಕೆಳಗಿತ್ತು. ಕ್ಯಾಮೆರಾ ಆರುತ್ತಿತ್ತು, ಮತ್ತೆ ಹೊತ್ತುತ್ತಿತ್ತು, ಮತ್ತೆ ಆರುತ್ತಿತ್ತು. ಹಿತ್ತಲಿಗೆ ಬೇರೆ ಅಡಾಪ್ಟರ್ ಕೊಟ್ಟು ದಪ್ಪ ತಂತಿ ಎಳೆಸಿದ ದಿನದಿಂದ ಆ ತೊಂದರೆ ಇಲ್ಲ. ಹಾರ್ಡ್ ಡಿಸ್ಕ್ ಹಳೆಯದೇ ಇದೆ.

ಇನ್ನೊಂದು ದೋಷ ಆಕಸ್ಮಿಕವಾಗಿ ಕಣ್ಣಿಗೆ ಬಿತ್ತು. ಒಂದು ಮಧ್ಯಾಹ್ನ ವಿದ್ಯುತ್ ಹೋಗಿ ಬಂದ ಮೇಲೆ ಅಂದಿನ ದೃಶ್ಯಗಳೇ ಸಿಗಲಿಲ್ಲ. ಹುಡುಕಿದರೆ ಅವು 2000ದ ಜನವರಿ 1ರ ಲೆಕ್ಕಕ್ಕೆ ಜಮೆಯಾಗಿದ್ದವು. ಡಿವಿಆರ್ ಒಳಗಿನ ಗುಂಡಿಯಾಕಾರದ ಸಣ್ಣ ಬ್ಯಾಟರಿ ಸತ್ತಿದ್ದರಿಂದ, ವಿದ್ಯುತ್ ಹೋದಾಗಲೆಲ್ಲ ಗಡಿಯಾರ ಹಿಂದಕ್ಕೆ ಜಾರುತ್ತಿತ್ತು. ಅಲ್ಪ ವೆಚ್ಚದ ಈ ಬ್ಯಾಟರಿಯನ್ನು ಅಲಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಇಂಥ ದೃಶ್ಯಗಳನ್ನು ಪ್ರಮಾಣಪತ್ರದೊಡನೆ ನ್ಯಾಯಾಲಯಕ್ಕೆ ಸಲ್ಲಿಸಬೇಕಾಗುತ್ತದೆ. ತಾರೀಖು ತಪ್ಪಿದ ದೃಶ್ಯವನ್ನು ಸಲ್ಲಿಸಿದವರು ಎಷ್ಟು ಪ್ರಶ್ನೆಗಳಿಗೆ ಉತ್ತರಿಸಬೇಕಾದೀತು ಎಂಬುದನ್ನು ವಕೀಲರೇ ಹೇಳಬೇಕು.

ಆದ್ದರಿಂದ ಅವಳಿ ನಗರದ ಸಿಸಿಟಿವಿ ಮಾರಾಟಗಾರರಲ್ಲಿ ನನ್ನದೊಂದು ವಿನಂತಿ. ಎಡೆಬಿಡದೆ ರೆಕಾರ್ಡ್ ಮಾಡಿದರೆ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆದುಕೊಡಿ. ಕೆಲಸ ಮುಗಿದ ದಿನವೇ ಮೊಬೈಲಿನಲ್ಲಿ ನೇರ ಚಿತ್ರ ತೋರಿಸಿ ಪೂರ್ತಿ ಹಣ ಕೇಳಬೇಡಿ. ಒಂದೆರಡು ದಿನ ಬಿಟ್ಟು ಬಂದು, ಹಿಂದಿನ ರಾತ್ರಿ ಮೂರು ಗಂಟೆಯ ದೃಶ್ಯವನ್ನು ನಾಲ್ಕೂ ಕ್ಯಾಮೆರಾಗಳಿಂದ ತೆಗೆದು ತೋರಿಸಿದ ಮೇಲೆ ಬಾಕಿ ಪಡೆಯಿರಿ. ಕ್ಯಾಮೆರಾ ಹಾಕಿಸಿಕೊಳ್ಳಿ ಎಂದು ಬಡಾವಣೆಗಳ ಸಭೆಗಳಲ್ಲಿ ತಿಳಿವಳಿಕೆ ನೀಡುವ ಪೊಲೀಸ್ ಅಧಿಕಾರಿಗಳು, ಹಾಕಿಸಿಕೊಂಡವರು ವಾರಕ್ಕೊಮ್ಮೆ ಹೀಗೆ ಹಿಂದಿನ ರಾತ್ರಿಯ ದೃಶ್ಯವನ್ನು ತೆಗೆದು ನೋಡಬೇಕೆಂಬುದನ್ನೂ ಅದೇ ಸಭೆಯಲ್ಲಿ ಹೇಳಿದರೆ ಉಪಕಾರವಾಗುತ್ತದೆ.

— ನಿವೃತ್ತ ಪ್ರೌಢಶಾಲಾ ಶಿಕ್ಷಕ, ಮಾಳಮಡ್ಡಿ, ಧಾರವಾಡ