ಎರಡು ಮಸುಕು ಚುಕ್ಕಿಗಳ ಋಣ

ಮೊನ್ನೆ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಪ್ರಬಂಧದ ಕೃತಜ್ಞತಾ ಪುಟದಲ್ಲಿ ಹಿಡಿಸಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೈಹಾಕಿದ್ದು 1988ರಲ್ಲಿ ಯೊಶಿಝಾವಾ ಮತ್ತು ಸಂಗಡಿಗರು ಪ್ರಕಟಿಸಿದ ಮಿಶ್ರಲೋಹಕ್ಕೆ: ಕಬ್ಬಿಣ, ಸಿಲಿಕಾನ್, ಬೋರಾನ್, ಜೊತೆಗೆ ಚೂರು ನಿಯೋಬಿಯಂ ಮತ್ತು ತಾಮ್ರ. ಹರಳುಗಟ್ಟದ ತೆಳು ಪಟ್ಟಿಯನ್ನು ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿದರೆ 10–15 ನ್ಯಾನೋಮೀಟರ್ ಹರಳುಗಳು ಒತ್ತೊತ್ತಾಗಿ ಮೂಡುತ್ತವೆ. ಒಂದೊಂದು ಹರಳೂ ಕಾಂತತ್ವವನ್ನು ತನ್ನ ದಿಕ್ಕಿಗೆ ಎಳೆಯುತ್ತದೆ, ಆದರೆ ಇಷ್ಟು ಚಿಕ್ಕದರ ಮಾತನ್ನು ನೆರೆಹೊರೆ ಕೇಳುವುದಿಲ್ಲ. ಎಳೆತಗಳು ಒಂದನ್ನೊಂದು ಅಳಿಸಿಹಾಕಿ ಲೋಹ ಮೃದು ಕಾಂತವಾಗುತ್ತದೆ, ಅಂದರೆ ಅದರ ಕಾಂತತ್ವವನ್ನು ಸುಲಭವಾಗಿ ತಿರುಗಿಸಬಹುದು. ಭೌತವಿಜ್ಞಾನಿ ಹರ್ಜರ್ ತೋರಿಸಿಕೊಟ್ಟಂತೆ, ಈ ಅಳತೆಯಲ್ಲಿ ಕಾಂತತ್ವವನ್ನು ತಿರುಗಿಸಲು ಬೇಕಾದ ಬಲ ಹರಳಿನ ಗಾತ್ರದ ಆರನೇ ಘಾತಕ್ಕೆ ಏರುತ್ತದೆ. ಗಾತ್ರ ಇಮ್ಮಡಿಯಾದರೆ ಬಲ 64 ಪಟ್ಟು!

ಆ ಆರನೇ ಘಾತವೇ ನನ್ನ ದಾರಿ ತಪ್ಪಿಸಿತು: ಎಡವಟ್ಟೇನಿದ್ದರೂ ಗಾತ್ರದಲ್ಲೇ ಎಂದುಕೊಂಡೆ. ಎಕ್ಸ್-ರೇ ಗೆರೆಗಳ ಅಗಲದಿಂದ ಹರಳಿನ ಸರಾಸರಿ ಗಾತ್ರ 14 ನ್ಯಾನೋಮೀಟರ್ ಎಂದು ಬರುತ್ತಿತ್ತು. ಕಾಂತತ್ವವನ್ನು ಹಿಂದೆ ಮುಂದೆ ತಿರುಗಿಸಿದಾಗ ನಕ್ಷೆಯಲ್ಲಿ ಮೂಡುವ ಕುಣಿಕೆ ಮಾತ್ರ ಪ್ರತಿ ಸಲವೂ ದಪ್ಪ, ಅಂದರೆ ತಿರುಗಿಸಲು ಬೇಕಾದ ಬಲ ಹೆಚ್ಚು. ಹದಿನಾಲ್ಕು ತಿಂಗಳು ಹೀಗೇ ಕಳೆದವು. ಕಾಯಿಸಿದ ಪಟ್ಟಿ ಸೀನಿದರೂ ಮುರಿಯುವಷ್ಟು ಪೆಡಸು. ನಾನೂ ಹೆಚ್ಚುಕಡಿಮೆ ಹಾಗೆಯೇ ಆಗಿದ್ದೆ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವ ಮೇಡಂ ಒಂದು ಸಂಜೆ ಪರದೆಯ ಮೇಲೆ ಪೆನ್ಸಿಲ್ ತುದಿ ಇಟ್ಟರು. ಹರಳುಗಳಿಂದ ಚದುರಿದ ಎಲೆಕ್ಟ್ರಾನ್‌ಗಳು ಮೂಡಿಸಿದ ಉಂಗುರಗಳ ನಡುವೆ ಎರಡು ಮಸುಕು ಚುಕ್ಕಿ. “ಇವು ನಿಮ್ಮ ಹರಳುಗಳಲ್ಲವಲ್ಲ?” ಎಂದರು. ಅಲ್ಲ, ಕಬ್ಬಿಣದ ಬೋರೈಡ್, ಕಬ್ಬಿಣ ಮತ್ತು ಬೋರಾನ್ ಸೇರಿದ ಸಂಯುಕ್ತ. ಸ್ವಲ್ಪವೇ ಇದ್ದರೂ ಮೃದುತ್ವವನ್ನು ಕೆಡಿಸಬಲ್ಲ ಗಟ್ಟಿ ಕಣ. ಎಕ್ಸ್-ರೇಯಲ್ಲೂ ಅದರ ಸುಳಿವಿತ್ತು. ನಾನೇ ಅಳತೆಯ ಗದ್ದಲವೆಂದು ತಳ್ಳಿಹಾಕಿದ್ದೆ. ಮೇಡಂ, ಆ ಪ್ರಶ್ನೆಗೆ ನಾನು ಋಣಿ.

ತಪ್ಪು ಕುಲುಮೆಯದಲ್ಲ, ನನ್ನದು. ಉಷ್ಣತೆ ಅಳೆಯುವ ತಂತಿಯಾದ ಥರ್ಮೋಕಪಲ್‌ನ ತುದಿಯನ್ನು ಕುಲುಮೆಯ ತಣ್ಣನೆಯ ಕಡೆ ಇಟ್ಟಿದ್ದೆ. ಅದು 550 ಎನ್ನುವಾಗ ಪಟ್ಟಿ 600 ದಾಟಿರುತ್ತಿತ್ತು. ಬೈಯದೆ, ತುದಿಯನ್ನು ಪಟ್ಟಿಯ ಪಕ್ಕಕ್ಕೇ ಕಟ್ಟಿಕೊಟ್ಟ ಕುಲುಮೆಯ ತಂತ್ರಜ್ಞರಿಗೆ ನಮಸ್ಕಾರ. ಹದಿನಾಲ್ಕು ತಿಂಗಳ ಅಂಕಿಗಳನ್ನು ಎಸೆಯಲು ಬಿಡದೆ, ಬೋರೈಡ್ ಮೇಲೆಯೇ ಒಂದು ಅಧ್ಯಾಯ ಬರೆಸಿದ ಗುರುಗಳಿಗೂ.

ಅಮ್ಮ ಫೋನಿನಲ್ಲಿ ಪ್ರತಿ ವಾರ “ಇನ್ನೂ ಕಾಯಿಸುತ್ತಲೇ ಇದ್ದೀಯಾ?” ಎಂದು ಕೇಳುತ್ತಿದ್ದರು. ಇಲ್ಲ ಅಮ್ಮ, ಕುಲುಮೆ ಆರಿಸಿದ್ದೇನೆ.