ಮಗಳಿಗೊಂದು ಪತ್ರ: ಗಾಡಿಯನ್ನು ಒಂದೇ ಕಡೆ ನಿಲ್ಲಿಸಿ

ಪ್ರೀತಿಯ ಮಗಳೇ,

ನೀನು ಕಳುಹಿಸಿದ ಪ್ರವಾಸದ ಪಟ್ಟಿಯನ್ನು ನಾನೂ ನಿನ್ನ ಅಮ್ಮನೂ ಕೂತು ಓದಿದೆವು. ಸೆಪ್ಟೆಂಬರ್ ಕೊನೆಯ ವಾರ ಕೊಲರಾಡೊದ ಡೆನ್ವರಿನಲ್ಲಿ ಬಾಡಿಗೆ ಆರ್‌ವಿ (ಒಳಗೇ ಅಡುಗೆ, ಮಲಗುವ ವ್ಯವಸ್ಥೆಯಿರುವ ಗಾಡಿ) ಹಿಡಿದು, ಮೊದಲು ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನ, ಅಲ್ಲಿಂದ ಇಂಡಿಪೆಂಡೆನ್ಸ್ ಪಾಸ್ ಎಂಬ ಘಾಟಿ ಹತ್ತಿಳಿದು ಆಸ್ಪೆನ್ ಊರು, ಆಮೇಲೆ ರೆಡ್ ಮೌಂಟನ್ ಪಾಸ್ ದಾಟಿ ಸಿಲ್ವರ್ಟನ್. ಇಷ್ಟೂ ಐದೇ ದಿನಗಳಲ್ಲಿ. ಭೂಪಟದ ಮೇಲೆ ಚೆಂದವಾಗಿಯೇ ಕಾಣುತ್ತದೆ. ಆದರೆ ಇಂಡಿಪೆಂಡೆನ್ಸ್ ಪಾಸಿನ ರಸ್ತೆಯಲ್ಲಿ 35 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವೇ ಇಲ್ಲ; ಅದಕ್ಕಿಂತ ಗಿಡ್ಡ ಗಾಡಿಗೂ 12,095 ಅಡಿ ಎತ್ತರದ ಆ ಇಕ್ಕಟ್ಟಿನ ದಾರಿ ಹಿತವಾದುದಲ್ಲ. ರೆಡ್ ಮೌಂಟನ್ ಪಾಸಿನ ಕಡೆ, ಪ್ರಪಾತದ ಅಂಚಿಗೇ ಅಂಟಿಕೊಂಡು ಸಾಗುವ ರಸ್ತೆಗೆ ಎಷ್ಟೋ ದೂರ ತಡೆಗೋಡೆಯಿಲ್ಲ. ಟೆಕ್ಸಸ್‌ನ ಬಯಲು ಹೆದ್ದಾರಿಗಳಲ್ಲಿ ಪಳಗಿದ ನಿಮ್ಮ ಗುಂಪಿನಲ್ಲಿ ಘಾಟಿಯಲ್ಲಿ ಇಂಥ ಗಾಡಿ ಓಡಿಸಿದವರು ಒಬ್ಬರೂ ಇಲ್ಲವೆಂದು ನೀನೇ ಬರೆದಿದ್ದೀಯೆ.

ಆದ್ದರಿಂದ ನನ್ನ ಸಲಹೆಯೆಂದರೆ, ಉಳಿದ ಊರುಗಳನ್ನು ಕೈಬಿಟ್ಟು ಐದೂ ದಿನ ರಾಕಿ ಮೌಂಟನ್ ಉದ್ಯಾನದೊಳಗಿನ ಮೊರೇನ್ ಪಾರ್ಕ್ ಕಣಿವೆಯ ಕ್ಯಾಂಪ್‌ಗ್ರೌಂಡಿನಲ್ಲೇ ಬೀಡುಬಿಡಿ. ಹೆದರಿಸುವುದಕ್ಕಾಗಿ ಹೀಗೆ ಹೇಳುತ್ತಿಲ್ಲ. ಶರತ್ಕಾಲದಲ್ಲಿ ಈ ಬೆಟ್ಟಗಳಲ್ಲಿ ನೋಡತಕ್ಕದ್ದೆಲ್ಲ ನಡೆಯುವುದು ಸೂರ್ಯೋದಯದ ಆಸುಪಾಸಿನಲ್ಲಿ ಮತ್ತು ಸಂಜೆಗತ್ತಲಲ್ಲಿ. ಆ ಹೊತ್ತಿನಲ್ಲಿ ಡೆನ್ವರಿನಿಂದ ಬರುವವರು ಇನ್ನೂ ದಾರಿಯಲ್ಲಿರುತ್ತಾರೆ, ಇಲ್ಲವೇ ಆಗಲೇ ಹೊರಟುಹೋಗಿರುತ್ತಾರೆ. ಹಾಸಿಗೆಯಿಂದ ಎದ್ದು ಬಾಗಿಲು ತೆರೆದರೆ ಹುಲ್ಲುಗಾವಲು ಎದುರಿಗಿರುತ್ತದೆ ಎಂಬುದೊಂದೇ ಆರ್‌ವಿಗೆ ಅಷ್ಟು ಬಾಡಿಗೆ ತೆರುವುದಕ್ಕೆ ನನಗೆ ಕಾಣುವ ಸಮರ್ಥನೆ.

ನೀವು ಬರುವ ಕಾಲ ಎಲ್ಕ್‌ಗಳು ಬೆದೆಗೆ ಬಂದಿರುವ ಕಾಲ. ಎಲ್ಕ್ ನಮ್ಮ ಬಂಡೀಪುರದ ಕಡವೆಯ ಬಳಗದ್ದೇ, ಆದರೆ ಅದಕ್ಕಿಂತ ದೊಡ್ಡದು. ಗಂಡಿನ ಕೂಗು ತಗ್ಗಿನಲ್ಲಿ ಆರಂಭವಾಗಿ, ಸಿಳ್ಳಿನಷ್ಟು ತೀಕ್ಷ್ಣಕ್ಕೆ ಏರಿ, ಕೊನೆಗೆ ಗೊರಗೊರ ಸದ್ದಿನಲ್ಲಿ ಮುಗಿಯುತ್ತದೆ. ಅಷ್ಟು ಭಾರೀ ಪ್ರಾಣಿಯ ಗಂಟಲಿನಿಂದ ಅಷ್ಟು ಸಣ್ಣ ದನಿ ಹೊರಡುವುದನ್ನು ಮೊದಲ ಸಲ ಕೇಳಿದವರು ನಂಬುವುದಿಲ್ಲ. ಪೊದೆಗಳನ್ನು ಕೊಂಬಿನಿಂದ ಚಚ್ಚಿ ಬಂದ ಗಂಡು, ಕವಲುಗಳಿಂದ ಹಸಿ ಹುಲ್ಲಿನ ಎಳೆಗಳು ಜೋತಾಡುತ್ತಿರುವಾಗಲೇ ತಲೆಯನ್ನು ಹಿಂದಕ್ಕೆ ವಾಲಿಸಿ ಕೂಗುತ್ತದೆ; ಚಳಿಯಲ್ಲಿ ಅದರ ಉಸಿರು ಹಬೆಯಾಗಿ ಕಾಣಿಸುತ್ತದೆ. ಬೇಟೆಯಿಂದ ಇಲ್ಲಿ ಅಳಿದೇಹೋಗಿದ್ದ ಇವುಗಳನ್ನು 1913–14ರಲ್ಲಿ ಯೆಲ್ಲೊಸ್ಟೋನ್ ಕಡೆಯಿಂದ ತಂದು ಬಿಟ್ಟರು. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 31ರವರೆಗೆ ಸಂಜೆಯಿಂದ ಮರುದಿನ ಬೆಳಿಗ್ಗೆಯವರೆಗೆ ರಸ್ತೆ ಮತ್ತು ಗುರುತಿಸಿದ ಕಾಲುಹಾದಿ ಬಿಟ್ಟು ಹುಲ್ಲುಗಾವಲಿಗೆ ಇಳಿಯುವಂತಿಲ್ಲ. ಯಾವಾಗಲಾದರೂ ಸರಿ, ಎಲ್ಕ್‌ನಿಂದ ಕನಿಷ್ಠ 75 ಅಡಿ ದೂರದಲ್ಲಿರಿ. ಫೋಟೋಕ್ಕಾಗಿ ಮುಂದೆ ಮುಂದೆ ಹೋಗುವ ನಿನ್ನ ಗೆಳೆಯರಿಗೆ ಇದನ್ನು ಒತ್ತಿ ಹೇಳು.

ಮೊದಲ ದಿನ ಕಬ್ ಲೇಕ್ ಕಾಲುದಾರಿ ಹಿಡಿಯಿರಿ. ಒಂದು ಕಡೆಗೆ 2.3 ಮೈಲಿ, ಏರು ಕಡಿಮೆ. 2012ರ ಅಕ್ಟೋಬರಿನಲ್ಲಿ ಯಾರೋ ಅಕ್ರಮವಾಗಿ ಹಚ್ಚಿದ ಕ್ಯಾಂಪ್‌ಫೈರ್‌ನಿಂದ ಹೊತ್ತಿದ ಫರ್ನ್ ಲೇಕ್ ಬೆಂಕಿ, ಹಿಮ ಬಿದ್ದ ಮೇಲೂ ಆರದೆ, ಡಿಸೆಂಬರಿನ ಗಾಳಿಗೆ ಒಂದೇ ರಾತ್ರಿಯಲ್ಲಿ ಮೂರು ಮೈಲಿ ಹಾರಿ ಮೊರೇನ್ ಪಾರ್ಕಿಗೇ ಬಂದಿತ್ತು. ಕರಿಕಂಬಗಳಂತೆ ನಿಂತ ಸುಟ್ಟ ಮರಗಳ ನಡುವೆ ಈಗ ಎಳೆಯ ಆಸ್ಪೆನ್ ಮರಗಳಿವೆ, ಏಕೆಂದರೆ ಕಾಂಡ ಸುಟ್ಟರೂ ಆಸ್ಪೆನ್ ನೆಲದೊಳಗಿನ ಬೇರಿನಿಂದ ಮತ್ತೆ ಚಿಗುರುತ್ತದೆ. ಒಂದು ಎಲೆಯನ್ನು ಕೈಯಲ್ಲಿ ಹಿಡಿದು ಅದರ ತೊಟ್ಟನ್ನು ಬೆರಳುಗಳ ನಡುವೆ ಉರುಳಿಸಿ ನೋಡು. ಅದು ದುಂಡಗಿಲ್ಲದೆ ಪಟ್ಟಿಯಂತೆ ಚಪ್ಪಟೆಯಾಗಿರುವುದರಿಂದಲೇ ಬೇರೆ ಮರಗಳು ಸುಮ್ಮನಿರುವಾಗಲೂ ಆಸ್ಪೆನ್ ಎಲೆ ಅಲುಗಾಡುತ್ತಿರುತ್ತದೆ. ಕಣಿವೆಯಲ್ಲಿ ಅಲ್ಲಲ್ಲಿ ಎತ್ತರದ ಬೇಲಿಗಳೂ ಕಾಣುತ್ತವೆ. ತೋಳಗಳು ಅಳಿದುಹೋಗಿದ್ದ ಕಾಡಿನಲ್ಲಿ ಎಲ್ಕ್‌ಗಳು ಹೆಚ್ಚಿ ಚಿಗುರನ್ನೆಲ್ಲ ಮೇಯುತ್ತಿದ್ದುದರಿಂದ ಆಸ್ಪೆನ್ ಮತ್ತು ವಿಲೋ ಗಿಡಗಳು ಉಳಿಯಲೆಂದು ಹಾಕಿದ ಬೇಲಿಗಳವು. ಒಳಗಿನ ಹಸಿರಿಗೂ ಹೊರಗಿನ ಬೋಳಿಗೂ ಇರುವ ಅಂತರವನ್ನು ನೀನೇ ಕಂಡುಕೊಳ್ಳುತ್ತೀಯೆ.

ಬೇರ್ ಲೇಕ್‌ನಿಂದ ಎಮರಾಲ್ಡ್ ಲೇಕ್‌ವರೆಗಿನ 1.8 ಮೈಲಿಯನ್ನು ಮೂರನೆಯ ದಿನಕ್ಕೆ ಇಟ್ಟುಕೊಳ್ಳಿ. ಎಮರಾಲ್ಡ್ ಲೇಕ್ 10,110 ಅಡಿ ಎತ್ತರದಲ್ಲಿದೆ, ಅಷ್ಟರಲ್ಲಿ ನಿಮ್ಮ ಮೈ ತೆಳುಗಾಳಿಗೆ ಒಗ್ಗಿರುತ್ತದೆ. ಬೇರ್ ಲೇಕ್‌ವರೆಗೆ ಪಾರ್ಕಿನ ಬಸ್ಸಿದೆ. ಆರ್‌ವಿ ತೆಗೆದುಕೊಂಡು ಹೋದರೆ ನಿಲ್ಲಿಸಲು ಜಾಗ ಸಿಗದೆ ಸುತ್ತುಹೊಡೆಯುವುದೇ ಆಗುತ್ತದೆ.

ಗಾಡಿಯೊಳಗಿನ ಸಂಸಾರದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯಬಹುದು. ಹೀಟರ್ ಪ್ರೊಪೇನಿನಿಂದ ಉರಿದರೂ ಅದರ ಫ್ಯಾನು ತಿರುಗುವುದು ಬ್ಯಾಟರಿಯಿಂದ, ರಾತ್ರಿ ಜನರೇಟರ್ ಹಾಕುವಂತಿಲ್ಲ; ಆದ್ದರಿಂದ ಮಲಗುವ ಮುನ್ನ ಬ್ಯಾಟರಿ ತುಂಬಿರಲಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಬಾಡಿಗೆಗೆ ಕೊಡುವವರ ಎದುರೇ ಒತ್ತಿ ನೋಡಿಕೊಳ್ಳಿ. ಮೊರೇನ್ ಪಾರ್ಕ್ ಎಂಟು ಸಾವಿರ ಅಡಿಗೂ ಎತ್ತರದಲ್ಲಿರುವುದರಿಂದ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿದುಬಿಡುತ್ತದೆ. ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಬೇಯಿಸಲು ಹೊರಟರೆ ಗ್ಯಾಸು ಮುಗಿದೀತೇ ಹೊರತು ಬೇಳೆ ಬೇಯದು. ಕುಕ್ಕರ್ ಬೇಕೇ ಬೇಕು. ಚಳಿಗಾಲಕ್ಕೆ ಮೈ ಬೆಳೆಸಿಕೊಳ್ಳಲು ಕರಡಿಗಳು ಹಗಲಿರುಳೂ ತಿನ್ನುವ ತಿಂಗಳಿದು, ಆದ್ದರಿಂದ ಉಂಡ ಮೇಲೆ ಹೊರಗೆ ಒಂದು ತಟ್ಟೆಯನ್ನೂ ಬಿಡಬೇಡಿ.

ಉದ್ಯಾನದ ಟ್ರೈಲ್ ರಿಡ್ಜ್ ರಸ್ತೆಯನ್ನು ಮಾತ್ರ ಬಿಡಬಾರದು. 12,183 ಅಡಿಗೆ ಏರುವ ಆ ರಸ್ತೆ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದ ಹೊತ್ತಿಗೆ ಹಿಮದಿಂದ ಮುಚ್ಚಿಹೋಗುತ್ತದೆ. ನಡುವೆ ಒಂದೆರಡು ದಿನ ಮುಚ್ಚುವುದೂ ಉಂಟು. ರಾಕ್ ಕಟ್ ಬಳಿ ಬಂಡೆರಾಶಿಯ ಕಡೆ ಕಣ್ಣಿಟ್ಟರೆ ಪೈಕಾ ಕಂಡೀತು. ಇಲಿಯಂತೆ ತೋರುವ, ಆದರೆ ಮೊಲದ ಕುಲಕ್ಕೆ ಸೇರಿದ ಈ ಪುಟ್ಟ ಜೀವಿ ಚಳಿಗಾಲವಿಡೀ ನಿದ್ರಿಸುವುದಿಲ್ಲವಾದ್ದರಿಂದ, ಬಾಯ್ತುಂಬ ಹುಲ್ಲು ಕಚ್ಚಿಕೊಂಡು ಓಡಾಡುತ್ತ ಬಂಡೆಗಳ ಸಂದಿಯಲ್ಲಿ ಮೇವಿನ ಮೆದೆ ಒಟ್ಟುತ್ತಿರುತ್ತದೆ.

ಆ ರಸ್ತೆಗೆ ಆರ್‌ವಿ ಬೇಡ. ನೀವು ಬಂದ ಮರುದಿನ ನಾವೇ ಉದ್ಯಾನದ ಪಕ್ಕದ ಊರಾದ ಎಸ್ಟೆಸ್ ಪಾರ್ಕಿಗೆ ನಮ್ಮ ಕಾರನ್ನು ತಂದು ನಿಮಗೆ ಒಪ್ಪಿಸುತ್ತೇವೆ, ಕುಕ್ಕರ್ ಡಿಕ್ಕಿಯಲ್ಲಿರುತ್ತದೆ. ಇಳಿಯುವಾಗ ಬ್ರೇಕನ್ನೇ ತುಳಿಯುತ್ತ ಕೂರದೆ ಕೆಳಗಿನ ಗೇರಿನಲ್ಲಿ ಬನ್ನಿ. ಆಸ್ಪೆನ್ ಮತ್ತು ಸಿಲ್ವರ್ಟನ್ ಬುಕಿಂಗನ್ನು ಈ ವಾರವೇ ರದ್ದುಮಾಡು. ಮೊರೇನ್ ಪಾರ್ಕಿನಲ್ಲಿ ನಿಮಗೆ ಇನ್ನೂ ಸಿಗದ ರಾತ್ರಿಗಳಿಗೆ ಬೇರೆಯವರು ಬಿಟ್ಟುಕೊಟ್ಟ ಜಾಗಗಳು ಆಗಾಗ ಖಾಲಿಯಾಗುತ್ತಿರುತ್ತವೆ, ದಿನಾ ಬೆಳಿಗ್ಗೆ ಒಮ್ಮೆ ನೋಡುತ್ತಿರು. ಸಿಕ್ಕ ಕೂಡಲೇ ತಾರೀಖು ತಿಳಿಸು.

ಇತಿ,
ನಿನ್ನ ಅಪ್ಪ